ಮಂದ್ರಸ್ಥಾಯಿಯ ಹಿತ್ತಾಳೆ ವಾದ್ಯಗಳಲ್ಲಿ ಸ್ತೋತ್ರಗೀತೆ

ಜನವರಿ 29ನೆಯ ತಾರೀಖಿನ ಸಂಜೆ ದೆಹಲಿಯ ವಿಜಯಚೌಕದಲ್ಲಿ ಸೇನಾಪಡೆಗಳ ಬ್ಯಾಂಡುಗಳು ಸೇರಿ ನಡೆಸುವ ಸಮಾರಂಭವನ್ನು ನಿಮ್ಮಲ್ಲಿ ಅನೇಕರು ರೇಡಿಯೋದಲ್ಲಿ ಕೇಳಿರಬಹುದು. ಹೊತ್ತು ಮುಳುಗುವ ವೇಳೆಗೆ ನಡಿಗೆಯ ಮಟ್ಟುಗಳ ಗದ್ದಲವೆಲ್ಲ ಅಡಗಿ, ಒಂದು ನಿಧಾನವಾದ ರಾಗ ತೇಲಿಬರುತ್ತಿತ್ತು. ಅದು 'ಅಬೈಡ್ ವಿತ್ ಮಿ' ಎಂಬ ಇಂಗ್ಲಿಷ್ ಸ್ತೋತ್ರಗೀತೆ, ಗಾಂಧೀಜಿಯವರಿಗೆ ಪ್ರಿಯವಾಗಿದ್ದುದು. ದಶಕಗಳ ಕಾಲ ಆ ಸಂಜೆಯ ಒಂದು ಅಂಗವೇ ಆಗಿದ್ದ ಅದನ್ನು 2022ರಲ್ಲಿ ಕಾರ್ಯಕ್ರಮದಿಂದ ಕೈಬಿಟ್ಟರು. ಬಿಟ್ಟದ್ದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ನನ್ನ ಕುತೂಹಲ ಬೇರೊಂದು ಸಂಗತಿಯಲ್ಲಿ. ಆ ಗೀತೆಯನ್ನು ಅಲ್ಲಿ ಯಾರೂ ಹಾಡುತ್ತಿರಲಿಲ್ಲ, ಊದುತ್ತಿದ್ದರು. ಮಾತೇ ಇಲ್ಲದ ಆ ಹಾಡನ್ನು ಕೇಳಿ ಮನೆಮನೆಗಳಲ್ಲಿ ಜನ ಮಾತು ನಿಲ್ಲಿಸಿ ಸುಮ್ಮನೆ ಕುಳಿತದ್ದನ್ನು ನಾನು ಬಲ್ಲೆ. ಪದಗಳನ್ನು ಕಳಚಿದ ಮೇಲೂ ಸ್ತೋತ್ರವು ಸ್ತೋತ್ರವಾಗಿಯೇ ಉಳಿಯುತ್ತದೆಯೆ? ಉಳಿಯಬೇಕಾದರೆ ಅದನ್ನು ವಾದ್ಯಗಳಿಗೆ ಹೊಂದಿಸುವವನು ಏನು ಮಾಡಬೇಕು, ಏನು ಮಾಡಬಾರದು? ಈ ದಿನದ ಭಾಷಣದಲ್ಲಿ ಇದನ್ನು ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ಮೊದಲು ವಾದ್ಯಗಳ ಪರಿಚಯ. ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡಿನವರು ಬೀದಿಯಲ್ಲಿ ಬರುವಾಗ ಮುಂದಿನ ಸಾಲಿನ ಕ್ಲಾರಿಯೋನೆಟ್ಟು, ತುತ್ತೂರಿಗಳ ಮೇಲೆಯೇ ಎಲ್ಲರ ಕಣ್ಣು. ಹಿಂದಿನ ಸಾಲಿನಲ್ಲಿ ಬೆವರು ಸುರಿಸುತ್ತ ದಪ್ಪ ಕೊಳವೆಗಳನ್ನು ಹೊತ್ತು 'ಬೊಂ, ಬೊಂ' ಎನ್ನಿಸುವವರನ್ನು ನೋಡುವವರು ಮಕ್ಕಳು ಮಾತ್ರ. ಆ ಹಿಂದಿನ ಸಾಲಿನವರೇ ನಮ್ಮ ಈ ದಿನದ ನಾಯಕರು. ಮಂದ್ರಸ್ಥಾಯಿಯ ಹಿತ್ತಾಳೆ ವಾದ್ಯಗಳು ಮುಖ್ಯವಾಗಿ ಮೂರು. ಟ್ರಾಂಬೋನ್ ಎಂಬುದು ಜಾರುಕೊಳವೆಯನ್ನು ಮುಂದಕ್ಕೂ ಹಿಂದಕ್ಕೂ ಎಳೆದು ಸ್ವರ ಹಿಡಿಯುವ ವಾದ್ಯ. ಅದರ ಕೊಳವೆಯನ್ನು ಬಿಡಿಸಿ ನೀಟಾಗಿ ಹಿಡಿದರೆ ಸುಮಾರು 9 ಅಡಿ ಉದ್ದ. ಯೂಫೋನಿಯಂ ಅಷ್ಟೇ ಉದ್ದದ್ದು; ಆದರೆ ಅದರ ಕೊಳವೆ ಕ್ರಮೇಣ ಅಗಲವಾಗುತ್ತ ಹೋಗುವುದರಿಂದ ಧ್ವನಿ ಮೆತ್ತಗೆ, ದುಂಡಗೆ. ಅದರ ಹೆಸರಿಗೆ ಗ್ರೀಕ್ ಭಾಷೆಯಲ್ಲಿ 'ಇಂಪಾದ ದನಿ' ಎಂದೇ ಅರ್ಥ. ಮೂರನೆಯದು ಟ್ಯೂಬಾ, ದೊಡ್ಡ ಜಾತಿಯದರ ಕೊಳವೆ 18 ಅಡಿ. ಬ್ಯಾಂಡಿನ ತಳಪಾಯವೇ ಅದು. ತಳಪಾಯದ ಕಲ್ಲನ್ನು ಮನೆಗೆ ಬಂದ ನೆಂಟರು ನೋಡಿ ಹೊಗಳುವುದುಂಟೆ? ಟ್ಯೂಬಾ ನುಡಿಸುವವನ ಪಾಡೂ ಹಾಗೆಯೇ. ಎಷ್ಟೋ ವರ್ಷ ನುಡಿಸಿದರೂ ಹಾಡಿನ ಧಾಟಿಯೆಂಬುದು ಒಂದು ದಿನವೂ ಅವನ ಪಾಲಿಗೆ ಬಂದಿರುವುದಿಲ್ಲ.

ಇಂಥ ವಾದ್ಯಗಳಿಗೂ ಸ್ತೋತ್ರಗೀತೆಗೂ ಸಂಬಂಧ ಬೆಳೆದದ್ದು ಹೇಗೆ? ಇದಕ್ಕೊಂದು ಸರಳವಾದ ಕಾರಣವಿದೆ. ಹಳೆಯ ಕಾಲದ ತುತ್ತೂರಿ, ಕೊಂಬುಗಳಲ್ಲಿ ಎಲ್ಲ ಸ್ವರಗಳೂ ಸಿಕ್ಕುತ್ತಿರಲಿಲ್ಲ. ಒಂದು ಕೊಳವೆಯಿಂದ ಸಹಜವಾಗಿ ಹುಟ್ಟುವ ಕೆಲವು ಸ್ವರಗಳು ಮಾತ್ರ ಅವುಗಳ ಆಸ್ತಿ. ಅದರಲ್ಲೂ ಕೆಳಗಿನ ಸ್ಥಾಯಿಯಲ್ಲಿ ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ದೊಡ್ಡ ಕಂದರ. ಕೊಳವೆಯ ಉದ್ದವನ್ನು ಬೆರಳಿನಿಂದಲೇ ಬದಲಾಯಿಸುವ ಕವಾಟಗಳಿಗೆ ಜರ್ಮನಿಯಲ್ಲಿ ಹಕ್ಕುಪತ್ರ ಸಿಕ್ಕಿದ್ದು 1818ರಲ್ಲಿ. ಟ್ಯೂಬಾಕ್ಕೆ ಬರ್ಲಿನ್ನಿನಲ್ಲಿ ಹಕ್ಕುಪತ್ರ ದೊರೆತದ್ದು 1835ರಲ್ಲಿ. ಅದಕ್ಕಿಂತ ಶತಮಾನಗಳ ಹಿಂದೆಯೇ ಜಾರುಕೊಳವೆಯ ಟ್ರಾಂಬೋನು ಮನುಷ್ಯಕಂಠವು ಹೋದಲ್ಲೆಲ್ಲ ತಾನೂ ಹೋಗಬಲ್ಲುದಾಗಿತ್ತು. ಆದ್ದರಿಂದ ಯೂರೋಪಿನ ದೇವಾಲಯಗಳಲ್ಲಿ ಹಾಡುಗಾರರ ದನಿಗೆ ಜೊತೆಯಾಗಿ ಅದನ್ನೇ ನಿಲ್ಲಿಸಿದರು. ತುತ್ತೂರಿಯು ಅರಮನೆಯ, ರಣರಂಗದ ವಾದ್ಯ. ಟ್ರಾಂಬೋನು ದೇವರ ಮನೆಯ ವಾದ್ಯ ಎಂಬ ಭಾವನೆ ಹೀಗೆ ಬೇರೂರಿತು.

ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ ಹೆರ್ನ್‌ಹುಟ್ ಎಂಬ ಊರು. ಸ್ವದೇಶದಲ್ಲಿ ಹಿಂಸೆಗೊಳಗಾಗಿ ಓಡಿಬಂದ ಮೊರೇವಿಯನ್ ಪಂಥದವರು ಅಲ್ಲಿಯ ಜಮೀನುದಾರನಾದ ಕೌಂಟ್ ಜಿನ್ಸೆನ್‌ಡಾರ್ಫ್ ಎಂಬಾತನ ಆಶ್ರಯದಲ್ಲಿ 1722ರಲ್ಲಿ ಅದನ್ನು ಕಟ್ಟಿದರು. ಈ ಪಂಥದವರಿಗೆ ಟ್ರಾಂಬೋನ್ ಮೇಳವೆಂದರೆ ಜೀವ. ಹಾಡುಗಾರರಲ್ಲಿ ನಾಲ್ಕು ಬಗೆಯ ಕಂಠಗಳಿರುವಂತೆ ದೊಡ್ಡದು, ಚಿಕ್ಕದು ಎಂದು ನಾಲ್ಕು ಅಳತೆಯ ಟ್ರಾಂಬೋನುಗಳನ್ನು ಇಟ್ಟುಕೊಂಡು ಅವರು ಸ್ತೋತ್ರಗಳನ್ನು ನುಡಿಸುತ್ತಿದ್ದರು. ಇವರಲ್ಲಿ ಕೆಲವರು ಸಮುದ್ರ ದಾಟಿ ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತಕ್ಕೆ ಹೋಗಿ 1741ರಲ್ಲಿ ಬೆಥ್ಲೆಹೆಮ್ ಎಂಬ ಊರನ್ನು ಸ್ಥಾಪಿಸಿದರು. 1754ರಲ್ಲಿ ಅಲ್ಲಿಯೂ ಟ್ರಾಂಬೋನ್ ಮೇಳ ಆರಂಭವಾಯಿತು. ಆ ಮೇಳ ಈಗಲೂ ಇದೆ.

ಆ ಊರಿನಲ್ಲಿ ಸಾವಿನ ಸುದ್ದಿಯನ್ನು ತಿಳಿಸುತ್ತಿದ್ದ ಕ್ರಮವನ್ನು ಕೇಳಿದರೆ, ನಾನು ಮೊದಲಲ್ಲಿ ಎತ್ತಿದ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದಂತೆ. ಯಾರಾದರೂ ತೀರಿಕೊಂಡರೆ ಮೇಳದವರು ಎತ್ತರದ ಸ್ಥಳದಲ್ಲಿ ನಿಂತು ಮೂರು ಸ್ತೋತ್ರರಾಗಗಳನ್ನು ಊದುತ್ತಿದ್ದರು. ಮೊದಲನೆಯದು, ನಮ್ಮಲ್ಲೊಬ್ಬರು ಹೋದರು ಎಂಬ ಸೂಚನೆ. ಎರಡನೆಯ ರಾಗ ಆಯಾ ವರ್ಗಕ್ಕೆ ಬೇರೆ ಬೇರೆ. ಹೋದವರು ಗೃಹಸ್ಥರೋ, ಅವಿವಾಹಿತರೋ, ವಿಧವೆಯೋ, ಮಗುವೋ ಎಂಬುದು ಅದರಿಂದಲೇ ಊರಿಗೆಲ್ಲ ತಿಳಿಯುತ್ತಿತ್ತು. ಮೂರನೆಯದು ಮತ್ತೆ ಮೊದಲನೆಯದೇ. ಹೊಲದಲ್ಲಿ ಕೆಲಸ ಮಾಡುತ್ತಿದ್ದವರು ಗುದ್ದಲಿ ಕೆಳಗಿಟ್ಟು, ಎರಡನೆಯ ರಾಗ ಯಾವುದೆಂದು ಕಿವಿಗೊಟ್ಟು ನಿಂತಿದ್ದ ಆ ಗಳಿಗೆಯನ್ನು ಊಹಿಸಿಕೊಳ್ಳಿ. ಒಂದೇ ಒಂದು ಮಾತಿಲ್ಲ. ಆದರೂ ಎಲ್ಲ ಅರ್ಥವಾಗುತ್ತಿತ್ತು. ಏಕೆಂದರೆ ಮಾತು ಕೇಳುವವರ ಎದೆಯಲ್ಲಿ ಮೊದಲೇ ಇತ್ತು. ವಾದ್ಯ ಅದನ್ನು ಎಬ್ಬಿಸುತ್ತಿತ್ತು, ಅಷ್ಟೆ.

ನಮ್ಮವರಿಗೆ ಇದು ಹೊಸ ಮಾತೇನೂ ಅಲ್ಲ. ವೀಣೆಯಲ್ಲಿಯೋ ಕೊಳಲಿನಲ್ಲಿಯೋ ದೇವರನಾಮವೊಂದನ್ನು ನುಡಿಸಿದಾಗ ಪಕ್ಕದಲ್ಲಿ ಕುಳಿತ ಅಜ್ಜಿಯ ತುಟಿ ತಾನಾಗಿ ಅಲುಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮಂಗಳೂರಿನ ಕಡೆಯ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತು, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕಥೆ ನಿಮಗೆ ತಿಳಿದದ್ದೇ. ಅವರು ಕೃತಿಯನ್ನು ನುಡಿಸುವಾಗಲೂ ಕೇಳುವವರಿಗೆ ಸಾಹಿತ್ಯವೇ ಕೇಳಿಸಬೇಕಾಗಿತ್ತು. ವಾದ್ಯ ಪರದೇಶದ್ದಾದರೂ ನಿಯಮ ಒಂದೇ.

ಈ ನಿಯಮವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ನನ್ನದೇ ಒಂದು ಉದಾಹರಣೆಯನ್ನು ಹೇಳಬೇಕಾಗಿದೆ. ಹಲವು ವರ್ಷಗಳ ಹಿಂದೆ ನಮ್ಮ ಪರಿಚಯದ ಒಬ್ಬ ಹಿರಿಯ ಬ್ಯಾಂಡಿನವರು ತೀರಿಕೊಂಡರು. ಆಯುಷ್ಯವೆಲ್ಲ ಯೂಫೋನಿಯಂ ಊದಿದ ಜೀವ. ಅವರ ಶವಸಂಸ್ಕಾರದಲ್ಲಿ 'ಅಬೈಡ್ ವಿತ್ ಮಿ'ಯನ್ನು ನುಡಿಸಬೇಕೆಂದು ಮನೆಯವರ ಇಚ್ಛೆ. ಇದ್ದವರು ನಾಲ್ವರು: ಟ್ರಾಂಬೋನು ಎರಡು, ಯೂಫೋನಿಯಂ ಒಂದು, ಟ್ಯೂಬಾ ಒಂದು. ಅವರಿಗಾಗಿ ಗೀತೆಯನ್ನು ಹೊಂದಿಸಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ರಾತ್ರಿಯೆಲ್ಲ ಕುಳಿತು ಬರೆದೆ. ಧಾಟಿಯನ್ನು ಒಳದನಿಗಳಲ್ಲಿ ಹುದುಗಿಸಿದೆ. ಅದರ ಮೇಲೆ ಬಳ್ಳಿಯಂತೆ ಬೇರೊಂದು ಧಾಟಿಯನ್ನು ಹಬ್ಬಿಸಿದೆ. ಸ್ವರಮೇಳವನ್ನು ಹೆಜ್ಜೆಹೆಜ್ಜೆಗೂ ಬದಲಾಯಿಸಿದೆ. ಮೂರು ಚರಣ ನುಡಿಸಿದರು. ಒಂದು ತಪ್ಪೂ ಆಗಲಿಲ್ಲ. ಎಲ್ಲ ಮುಗಿದಮೇಲೆ, ತೀರಿಕೊಂಡವರ ಹೆಂಡತಿ, ವಯಸ್ಸಾದ ತಾಯಿ, ನನ್ನನ್ನು ಹತ್ತಿರ ಕರೆದು, "ಅಪ್ಪಾ, ಅವರ ಆ ಹಾಡನ್ನು ಕೊನೆಗೂ ಊದಲೇ ಇಲ್ಲವಲ್ಲ" ಎಂದರು. ನಾನು ಏನು ಹೇಳಲಿ? ಅವರು ಆ ಹಾಡಿಗಾಗಿ ಕಾದಿದ್ದರು. ಅದು ಅವರ ಮುಂದೆಯೇ ಮೂರು ಸಲ ಬಂದು ಹೋಗಿತ್ತು; ಅವರಿಗೆ ಸಿಕ್ಕಿರಲಿಲ್ಲ.

ಆ ಒಂದು ಮಾತು ನನಗೆ ಪಾಠವಾಯಿತು. ಅಲ್ಲಿಂದ ಮುಂದೆ ಇಂಥ ಗೀತೆಗಳನ್ನು ಹೊಂದಿಸುವ ಬಗೆಯನ್ನು ಮೊದಲಿನಿಂದ ಕಲಿಯಲು ತೊಡಗಿದೆ. ಕಲಿತದ್ದನ್ನು ಸಂಗೀತಶಾಸ್ತ್ರದ ಜಟಿಲವಾದ ಪರಿಭಾಷೆಯಿಲ್ಲದೆ ನಿಮ್ಮ ಮುಂದಿಡಲು ಪ್ರಯತ್ನಿಸುತ್ತೇನೆ. ಉದಾಹರಣೆಗೆ ಅದೇ ಗೀತೆ ಇರಲಿ.

ಇದರ ಪದಗಳನ್ನು ಬರೆದವನು ಇಂಗ್ಲೆಂಡಿನ ಹೆನ್ರಿ ಫ್ರಾನ್ಸಿಸ್ ಲೈಟ್ ಎಂಬ ಪಾದ್ರಿ. 1847ರಲ್ಲಿ, ತನ್ನ ಕೊನೆಯ ದಿನಗಳು ಹತ್ತಿರವಾದವೆಂದು ತಿಳಿದಿದ್ದ ಕಾಲ. ಈಗ ಎಲ್ಲರೂ ಹಾಡುವ ರಾಗವನ್ನು ವಿಲಿಯಂ ಹೆನ್ರಿ ಮಾಂಕ್ ಎಂಬಾತ ಜೋಡಿಸಿದ್ದು 1861ರಲ್ಲಿ ಪ್ರಕಟವಾದ ಒಂದು ಸ್ತೋತ್ರಸಂಗ್ರಹಕ್ಕಾಗಿ. ನಮ್ಮ ಸ್ವರಗಳ ಹೆಸರಿನಲ್ಲಿ ಹೇಳುವುದಾದರೆ, ಇಡೀ ರಾಗ ಷಡ್ಜದಿಂದ ಧೈವತದವರೆಗೆ ಆರೇ ಸ್ವರಗಳ ಒಳಗೆ ಮುಗಿಯುತ್ತದೆ. ಮೇಲಿನ ಷಡ್ಜವನ್ನು ಕೂಡ ಅದು ಮುಟ್ಟುವುದಿಲ್ಲ. ಗಾಂಧಾರದಲ್ಲಿ ಮೆಲ್ಲಗೆ ಎತ್ತಿಕೊಂಡು ನಾಲ್ಕು ಸಾಲುಗಳಲ್ಲಿ ನಡೆಯುತ್ತದೆ. ಎರಡನೆಯ ಸಾಲಿನ ಕೊನೆಯಲ್ಲಿ ಮಾತ್ರ ಶುದ್ಧಮಧ್ಯಮದ ಬದಲು ಪ್ರತಿಮಧ್ಯಮ ಒಮ್ಮೆ ಇಣುಕಿ ಪಂಚಮಕ್ಕೆ ಕೊಂಡೊಯ್ಯುತ್ತದೆ. ಇಷ್ಟೇ ಅದರ ಬಂಡವಾಳ. ಇಷ್ಟು ಸಣ್ಣ ಜಾಗದಲ್ಲಿ ನಡೆಯುವುದರಿಂದಲೇ ದೊಡ್ಡ ಕಂಠವಿಲ್ಲದವರೂ, ದುಃಖದಿಂದ ಗಂಟಲು ಕಟ್ಟಿದವರೂ ಅದನ್ನು ಹಾಡಬಲ್ಲರು. ಇದನ್ನು ಗುರುತಿಸದೆ ರಾಗಕ್ಕೆ ಒಡವೆ ತೊಡಿಸಲು ಹೋದವನು ಅದರ ಗುಣವನ್ನೇ ದೋಷವೆಂದು ತಿಳಿದಂತಾಯಿತು.

ಈಗ ಮೊದಲನೆಯ ಸಮಸ್ಯೆ, ಶ್ರುತಿ. ಸ್ತೋತ್ರಪುಸ್ತಕದಲ್ಲಿ ಈ ಗೀತೆ ಇ ಫ್ಲಾಟ್ ಶ್ರುತಿಯಲ್ಲಿದೆ. ನಮ್ಮ ಹಾಡುಗಾರರ ಎಣಿಕೆಯಲ್ಲಿ ಎರಡೂವರೆ. ಸಭೆಯವರೆಲ್ಲ ಕೂಡಿ ಹಾಡಲು ಅನುಕೂಲವಾದ ಶ್ರುತಿ ಅದು. ಟ್ರಾಂಬೋನ್ ಅದೇ ಶ್ರುತಿಯಲ್ಲಿ ಗಂಡಸರ ಕಂಠದ ಎತ್ತರದಲ್ಲಿ ಧಾಟಿಯನ್ನು ನುಡಿಸಬಲ್ಲುದು. ಆದರೆ ಆಗ ಧಾಟಿಗೂ ಕೆಳಗಿನ ಟ್ಯೂಬಾದ ಸ್ವರಕ್ಕೂ ನಡುವೆ ಉಳಿಯುವ ಜಾಗ ಕಿರಿದು. ಅದರಲ್ಲಿ ಇನ್ನೆರಡು ವಾದ್ಯಗಳು ಒತ್ತಿಕೊಂಡು ಕುಳಿತುಕೊಳ್ಳಬೇಕು. ಶ್ರುತಿಯನ್ನು ಎ ಫ್ಲಾಟಿಗೆ, ಅಂದರೆ ಮೂಲ ಷಡ್ಜದ ಮಧ್ಯಮಕ್ಕೆ ಏರಿಸಿದರೆ ಟ್ರಾಂಬೋನಿನ ದನಿ ಬೆಳಗುತ್ತದೆ, ಒಳದನಿಗಳಿಗೂ ಗಾಳಿಯಾಡುತ್ತದೆ. ಆದರೆ ಸಭೆಯವರು ಹಾಡಲಾರರು. ಆದ್ದರಿಂದ ಸಂಯೋಜಕ ಮೊದಲೇ ನಿಶ್ಚಯಿಸಿಕೊಳ್ಳಬೇಕಾದ ಪ್ರಶ್ನೆ ಇದು: ಜನ ಕೇಳಬೇಕೋ, ಹಾಡಬೇಕೋ? ಎರಡೂ ಬೇಕಾದರೆ, ಒಬ್ಬನೇ ನುಡಿಸುವ ಚರಣವನ್ನು ಮೇಲಿನ ಶ್ರುತಿಯಲ್ಲಿಟ್ಟು, ನಡುವೆ ಒಂದು ಪುಟ್ಟ ಸೇತುವೆ ಕಟ್ಟಿ, ಜನ ಹಾಡುವ ಚರಣಕ್ಕೆ ಮೂಲ ಶ್ರುತಿಗೆ ಇಳಿದುಬರಬೇಕು. ಇಳಿಯುವುದೆಂದರೆ ಸೋಲಲ್ಲ. ದೊಡ್ಡವರು ಮಗುವಿನ ಕೈ ಹಿಡಿಯಲು ಬಗ್ಗುವುದಿಲ್ಲವೆ?

ಎರಡನೆಯ ಸಮಸ್ಯೆ ಸ್ವರಗಳ ನಡುವಣ ಅಂತರದ್ದು. ಸ್ತೋತ್ರಪುಸ್ತಕದ ನಾಲ್ಕು ದನಿಗಳನ್ನು ಹಾಗೆಯೇ ಒಂದು ಸ್ಥಾಯಿ ಕೆಳಗಿಳಿಸಿ ಬರೆದುಬಿಟ್ಟರೆ ಕೆಲಸ ಮುಗಿಯಿತೆಂದು ಹೊಸಬರು ತಿಳಿಯುತ್ತಾರೆ. ಹಾಗೆ ಬರೆದದ್ದನ್ನು ನುಡಿಸಿದರೆ ಕೇಳುವುದು ಕೆಸರು. ಕಾರಣವನ್ನು ಲೆಕ್ಕದಿಂದಲೇ ತೋರಿಸಬಹುದು. ಹಾರ್ಮೋನಿಯಮ್ಮಿನ ನಡುಭಾಗದ ಒಂದು ಷಡ್ಜ ಸೆಕೆಂಡಿಗೆ ಸುಮಾರು 262 ಸಲ ಕಂಪಿಸಿದರೆ ಅದರ ಗಾಂಧಾರ 330 ಸಲ. ನಡುವೆ 68ರ ಅಂತರ. ಕಿವಿಗೆ ಎರಡೂ ಬೇರೆಬೇರೆಯಾಗಿ ಇಂಪಾಗಿ ಕೇಳಿಸುತ್ತವೆ. ಅದೇ ಜೋಡಿಯನ್ನು ಎರಡು ಸ್ಥಾಯಿ ಕೆಳಗಿಟ್ಟರೆ 65 ಮತ್ತು 82. ಅಂತರ 17 ಮಾತ್ರ. ಕಿವಿ ಅವೆರಡನ್ನೂ ಬಿಡಿಸಲಾರದೆ ಗುರುಗುಟ್ಟುವ ಒಂದೇ ಸದ್ದಾಗಿ ತಿಳಿಯುತ್ತದೆ.

ಇದಕ್ಕೆ ಪರಿಹಾರವನ್ನು ನಮ್ಮ ತಂಬೂರಿಯೇ ಹೇಳಿಕೊಡುತ್ತದೆ. ಅದರಲ್ಲಿ ಮಂದ್ರಷಡ್ಜ, ಪಂಚಮ, ಮೇಲಿನ ಷಡ್ಜ ಇಷ್ಟೇ ತಂತಿಗಳು, ಗಾಂಧಾರಕ್ಕೆ ತಂತಿಯಿಲ್ಲ. ಆದರೂ ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಮಂದ್ರದ ತಂತಿಯಿಂದ ಅಂತರಗಾಂಧಾರ ಎಲ್ಲೋ ಎತ್ತರದಲ್ಲಿ ತಾನಾಗಿ ಹೊಮ್ಮುವುದನ್ನು ಬಲ್ಲವರು ಕೇಳಿದ್ದಾರೆ. ಪ್ರಕೃತಿಯೇ ಗಾಂಧಾರವನ್ನು ಮಂದ್ರಷಡ್ಜಕ್ಕಿಂತ ಎರಡು ಸ್ಥಾಯಿ ಮೇಲೆ ಇಟ್ಟಿದೆ. ಮಂದ್ರವಾದ್ಯಗಳಿಗೆ ಬರೆಯುವವನೂ ಅದನ್ನೇ ಅನುಸರಿಸಬೇಕು. ಕೆಳಗೆ ಷಡ್ಜಕ್ಕೂ ಪಂಚಮಕ್ಕೂ, ಷಡ್ಜಕ್ಕೂ ಮೇಲಿನ ಷಡ್ಜಕ್ಕೂ ಧಾರಾಳವಾಗಿ ಜಾಗ ಬಿಡಬೇಕು. ಗಾಂಧಾರದಂಥ ಹತ್ತಿರದ ಸ್ವರಗಳನ್ನು ಮೇಲಿನ ಟ್ರಾಂಬೋನುಗಳಿಗೆ ಕೊಡಬೇಕು. ನಾಲ್ಕು ವಾದ್ಯಗಳಿದ್ದಮಾತ್ರಕ್ಕೆ ನಾಲ್ಕೂ ಸದಾ ನುಡಿಯುತ್ತಿರಬೇಕೆಂಬ ವಿಧಿಯೇನಿಲ್ಲ. ಎಷ್ಟೋ ವೇಳೆ ಒಂದನ್ನು ಸುಮ್ಮನಿರಿಸಿದರೆ ಉಳಿದ ಮೂರು ಹೆಚ್ಚು ತುಂಬಿ ಕೇಳುತ್ತವೆ.

ಮೂರನೆಯದು ಉಸಿರು. ನಮ್ಮ ಗೀತೆಯ ಒಂದೊಂದು ಸಾಲಿಗೂ 16 ಮಾತ್ರೆಗಳು. ನಿಮಿಷಕ್ಕೆ 72 ಮಾತ್ರೆಗಳ ನಡಿಗೆಯಲ್ಲಿ ನುಡಿಸಿದರೆ ಒಂದು ಸಾಲಿಗೆ ಸುಮಾರು 13 ಸೆಕೆಂಡು ಬೇಕು. ಟ್ರಾಂಬೋನಿನವನು ಇದನ್ನು ಒಂದೇ ಉಸಿರಿನಲ್ಲಿ ತಲುಪಿಯಾನು. ಟ್ಯೂಬಾದ ಅಗಲವಾದ ಕೊಳವೆ ಗಾಳಿಯನ್ನು ಕುಡಿಯುವ ರೀತಿಯೇ ಬೇರೆ. ಅದನ್ನು ನುಡಿಸುವವನು ನಡುವೆ ಒಮ್ಮೆ ಉಸಿರು ತೆಗೆದುಕೊಳ್ಳಲೇಬೇಕು. ಎಲ್ಲಿ? ಪದಗಳು ಬಿಡುವು ಕೊಟ್ಟ ಕಡೆ. ಮಾತಿನ ನಡುವೆ ಉಸಿರು ತೆಗೆದರೆ, ಓದಲು ಬಾರದ ಹುಡುಗ ಪದವನ್ನು ಮುರಿದು ಓದಿದಂತೆ. ಪದ ಬಲ್ಲವರ ಕಿವಿಗೆ ಅದು ಚುಚ್ಚುತ್ತದೆ. ಆದ್ದರಿಂದ ವಾದ್ಯದ ಹಾಳೆಯಲ್ಲಿ ಸ್ವರಗಳ ಕೆಳಗೆ ಹಾಡಿನ ಪದಗಳನ್ನೂ ಬರೆಯುವ ಅಭ್ಯಾಸವನ್ನು ನಾನು ಇಟ್ಟುಕೊಂಡಿದ್ದೇನೆ. ನುಡಿಸುವವನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಾನೆ. ಬಿಡುವು ತಾನಾಗಿ ತಕ್ಕ ಜಾಗದಲ್ಲಿ ಬೀಳುತ್ತದೆ. ಮೇಳದಲ್ಲಾದರೆ ನಾಲ್ವರೂ ಒಟ್ಟಿಗೆ ಉಸಿರು ತೆಗೆಯದಂತೆ ಒಬ್ಬರಾದಮೇಲೊಬ್ಬರಿಗೆ ಸರದಿ ಗೊತ್ತುಮಾಡಬಹುದು. ಆದರೆ ಸಾಲಿನ ಕೊನೆಯಲ್ಲಿ ಮಾತ್ರ ಎಲ್ಲರೂ ಒಟ್ಟಿಗೆ ನಿಲ್ಲುವುದೇ ಚೆಂದ. ಸಭೆಯವರೂ ಅಲ್ಲಿಯೇ ಅಲ್ಲವೆ ಉಸಿರು ಎಳೆದುಕೊಳ್ಳುವುದು?

ಇನ್ನು ತಳಪಾಯದವನ ವಿಷಯ. ಟ್ಯೂಬಾಕ್ಕೇ ಧಾಟಿಯನ್ನು ಕೊಡಬೇಕೆಂದು ಯಾರಿಗಾದರೂ ಕರುಣೆ ಹುಟ್ಟಿತೆನ್ನಿ. ಆಗ ಒಂದು ವಿಚಿತ್ರವಾದ ತೊಡಕು ಬರುತ್ತದೆ. ಎಲ್ಲಕ್ಕಿಂತ ಕೆಳಗಿನ ಸ್ವರವೇ ಸ್ವರಮೇಳಕ್ಕೆ ಆಧಾರ. ಧಾಟಿಯೇ ಕೆಳಕ್ಕೆ ಬಂದರೆ ಅದು ಹೆಜ್ಜೆಹೆಜ್ಜೆಗೂ ಆಧಾರವನ್ನು ಬದಲಾಯಿಸುತ್ತ ಹೋಗುತ್ತದೆ. ಷಡ್ಜದ ಮೇಳದಲ್ಲಿ ಧಾಟಿ ಪಂಚಮದಲ್ಲಿ ನಿಂತಾಗ, ಪಂಚಮ ಕೆಳಗಾಗಿ ಷಡ್ಜ ಮೇಲಾಗಿ, ಮನೆಯ ಗೋಡೆ ವಾಲಿದಂತೆ ಕೇಳುತ್ತದೆ. ಇದಕ್ಕೆ ಉಪಾಯಗಳಿವೆ. ಆರ್ಗನ್ನು ಇದ್ದರೆ ಅದರ ಕಾಲುಮಣೆಗಳಿಂದ ಇನ್ನೂ ಕೆಳಗೆ ಆಧಾರ ಕೊಡಬಹುದು. ಇಲ್ಲವೇ ಧಾಟಿಯ ಆ ಸ್ವರವೇ ಆಧಾರವಾಗುವಂಥ ಬೇರೆ ಮೇಳವನ್ನು ಮೇಲೆ ಕೂಡಿಸಬಹುದು. ನನಗೆ ಹೆಚ್ಚು ಹಿಡಿಸಿದ್ದು ಮೂರನೆಯ ಉಪಾಯ: ಟ್ಯೂಬಾ ಮೊದಲ ಎರಡು ಸಾಲನ್ನು ಒಂಟಿಯಾಗಿ, ಯಾವ ಪಕ್ಕವಾದ್ಯವೂ ಇಲ್ಲದೆ ನುಡಿಸಲಿ. ಮುದುಕನೊಬ್ಬ ತನ್ನಷ್ಟಕ್ಕೆ ತಾನು ಹಾಡಿಕೊಂಡಂತೆ ಕೇಳುತ್ತದೆ. ಮೂರನೆಯ ಸಾಲಿಗೆ ಉಳಿದವರು ಮೆಲ್ಲನೆ ಬಂದು ಕೂಡಿಕೊಳ್ಳಲಿ.

ಟ್ಯೂಬಾ ಇಷ್ಟು ಮರ್ಯಾದೆಗೆ ಅರ್ಹವೇ ಎಂದು ಶಂಕಿಸುವವರಿಗೆ 1954ರ ಒಂದು ಸಂಗತಿ ಹೇಳುತ್ತೇನೆ. ಆ ವರ್ಷ ಇಂಗ್ಲೆಂಡಿನ ಮಹಾಸಂಯೋಜಕ ರಾಲ್ಫ್ ವಾನ್ ವಿಲಿಯಮ್ಸ್, ತಮ್ಮ 81ನೆಯ ವಯಸ್ಸಿನಲ್ಲಿ, ಟ್ಯೂಬಾವನ್ನು ಮುಂದಿಟ್ಟು ದೊಡ್ಡ ವಾದ್ಯಗೋಷ್ಠಿಯನ್ನು ಅದರ ಹಿಂದೆ ನಿಲ್ಲಿಸಿದ ಒಂದು ಕೃತಿಯನ್ನು ಹೊರತಂದರು. ಲಂಡನ್ನಿನಲ್ಲಿ ಅದನ್ನು ಮೊದಲು ನುಡಿಸಿದವರು ಫಿಲಿಪ್ ಕ್ಯಾಟೆಲಿನೆ ಎಂಬ ವಾದಕರು. ಕೃತಿ ರಚಿಸಿದವರು 1906ರ ಪ್ರಸಿದ್ಧವಾದ ಇಂಗ್ಲಿಷ್ ಸ್ತೋತ್ರಸಂಗ್ರಹವೊಂದಕ್ಕೆ ಸಂಗೀತ ಸಂಪಾದಕರಾಗಿದ್ದವರು. ನುಡಿಸಿದವರು ಸಾಲ್ವೇಷನ್ ಆರ್ಮಿಯ ಸ್ತೋತ್ರಸಂಗೀತದಲ್ಲಿ ಪಳಗಿದವರು. ಮಂದ್ರವಾದ್ಯಕ್ಕೆ ಈ ಪಟ್ಟ ಕಟ್ಟಿದ ಇಬ್ಬರಿಗೂ ಸ್ತೋತ್ರಗೀತೆಯೇ ಪಾಠಶಾಲೆಯಾಗಿತ್ತೆಂಬುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಸಾಲ್ವೇಷನ್ ಆರ್ಮಿಯ ಹೆಸರು ಬಂದದ್ದರಿಂದ ಅದರ ಬ್ಯಾಂಡು ಹುಟ್ಟಿದ ಕಥೆಯನ್ನೂ ಹೇಳಿಬಿಡುತ್ತೇನೆ. 1878ರಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿ ಪಟ್ಟಣದ ಸಂತೆಬೀದಿಯಲ್ಲಿ ಈ ಸಂಸ್ಥೆಯವರು ಬೋಧನೆ ಮಾಡಲು ನಿಂತರೆ ಪುಂಡರು ಕೂಗಿ, ತಳ್ಳಾಡಿ ಅಡ್ಡಿಪಡಿಸುತ್ತಿದ್ದರು. ಅದೇ ಊರಿನಲ್ಲಿ ಮನೆ ಕಟ್ಟಿಸುವ ಕಸಬಿನ ಚಾರ್ಲ್ಸ್ ಫ್ರೈ ಎಂಬಾತ ಇದ್ದ. ಆತನೂ ಆತನ ಮೂವರು ಮಕ್ಕಳೂ ರಕ್ಷಣೆಗೆಂದು ಬಂದು ನಿಂತರು. ಬರುವಾಗ ತಮ್ಮ ಹಿತ್ತಾಳೆ ವಾದ್ಯಗಳನ್ನೂ ತಂದರು. ಗದ್ದಲದ ನಡುವೆ ಸ್ತೋತ್ರ ಹಾಡುವವರಿಗೆ ಈ ನಾಲ್ವರ ಊದುವಿಕೆ ಬೆಂಬಲವಾಯಿತು. ಮುಂದೆ ಲೋಕದ ನಾನಾ ದೇಶಗಳಿಗೆ ಹಬ್ಬಿದ ಬ್ಯಾಂಡುಗಳಿಗೆಲ್ಲ ಮೂಲ ಈ ಒಂದು ಸಂಸಾರ. ಸಂಸ್ಥೆ 1882ರಲ್ಲಿ ಭಾರತಕ್ಕೂ ಬಂತು. ನಾಲ್ಕು ಜನ ಸಾಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಾಲ್ಕು ಎಂದಾಗ ಬೇಥೋವನ್ನನ ನೆನಪಾಗುತ್ತದೆ. 1812ರ ಶರತ್ಕಾಲದಲ್ಲಿ ಆತ ಆಸ್ಟ್ರಿಯದ ಲಿನ್ಸ್ ಪಟ್ಟಣದಲ್ಲಿದ್ದಾಗ, ಮೃತರ ಸ್ಮರಣೆಯ ದಿನಕ್ಕೆಂದು ಅಲ್ಲಿಯ ಪ್ರಧಾನ ದೇವಾಲಯದ ಸಂಗೀತಾಧಿಕಾರಿ ಕೇಳಿಕೊಳ್ಳಲು, ನಾಲ್ಕು ಟ್ರಾಂಬೋನುಗಳಿಗೆ ಮೂರು ಚಿಕ್ಕ ರಚನೆಗಳನ್ನು ಮಾಡಿಕೊಟ್ಟ. ಅವುಗಳಲ್ಲಿ ಆಡಂಬರವೆಂಬುದಿಲ್ಲ, ಸ್ತೋತ್ರದಂತೆ ಸಾಲುಸಾಲಾಗಿ ಉಸಿರಾಡುತ್ತ ಸಾಗುತ್ತವೆ. 1827ರಲ್ಲಿ ವಿಯೆನ್ನಾದಲ್ಲಿ ಆತನ ಶವಯಾತ್ರೆ ಹೊರಟಾಗ ಅವೇ ರಚನೆಗಳಲ್ಲಿ ಎರಡಕ್ಕೆ ಪ್ರಾರ್ಥನೆಯ ಪದಗಳನ್ನು ಹೊಂದಿಸಿ ಹಾಡಿದರು. ನಾವು ಹಾಡಿನಿಂದ ಪದಗಳನ್ನು ತೆಗೆದು ವಾದ್ಯಕ್ಕೆ ಕೊಡುತ್ತೇವೆ. ಅಲ್ಲಿ ವಾದ್ಯದ ರಚನೆಗೆ ಪದ ಬಂದು ಸೇರಿತು. ಮಾತಿಗೂ ನಾದಕ್ಕೂ ಈ ಹಾದಿ ಎರಡು ಕಡೆಗೂ ತೆರೆದೇ ಇದೆ.

ಇನ್ನೊಂದು ವ್ಯಾವಹಾರಿಕ ಸಂಗತಿ. ಇಂಗ್ಲಿಷ್ ಬ್ಯಾಂಡುಗಳಲ್ಲಿ ಒಂದೊಂದು ವಾದ್ಯಕ್ಕೂ ಅದರ ಶ್ರುತಿಗೆ ತಕ್ಕಂತೆ ಸ್ವರಗಳನ್ನು ಸ್ಥಳಾಂತರಿಸಿ ಬರೆದ ಬೇರೆಬೇರೆ ಹಾಳೆ ಬೇಕು. ಹಾಳೆ ಕಳೆದರೆ ವಾದಕ ಮೂಕ. ಜರ್ಮನಿಯ ಬೀಲೆಫೆಲ್ಡ್ ಸೀಮೆಯಲ್ಲಿದ್ದ ಯೊಹಾನೆಸ್ ಕೂಲೋ ಎಂಬ ಪಾದ್ರಿ (1856-1941) ಹಳ್ಳಿಹಳ್ಳಿಗಳ ಹಿತ್ತಾಳೆ ಮೇಳಗಳನ್ನು ಬೆಳೆಸಿದಾತ. ಪಿಯಾನೋಗೆ ಬರೆಯುವಂತೆಯೇ ಎಲ್ಲ ವಾದ್ಯಗಳಿಗೂ ನಿಜವಾದ ಶ್ರುತಿಯಲ್ಲೇ ಬರೆಯುವ ಪದ್ಧತಿಯನ್ನು ಆತ ಬಳಕೆಗೆ ತಂದ. ಇದರಿಂದ ಸ್ತೋತ್ರಪುಸ್ತಕ ಒಂದಿದ್ದರೆ ಮೇಳದವರೆಲ್ಲ ಅದನ್ನೇ ನೋಡಿ ನುಡಿಸಬಹುದು. ಆರ್ಗನ್ನಿನವನೊಡನೆ, ಹಾಡುವವರೊಡನೆ ತಕ್ಷಣ ಕೂಡಬಹುದು. ಆರ್ಗನ್ನು ನುಡಿಸುವವರು ಸಿಕ್ಕದ ಸಣ್ಣ ಸಭೆಗಳಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಸಣ್ಣ ಸಭೆಗಳೆಂದಾಗ ನಮ್ಮ ನಾಡಿನ ಮಾತೂ ಬರುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಜೊತೆಗೆ ಜರ್ಮನ್ ಸ್ತೋತ್ರರಾಗಗಳೂ ಬಂದವು. ಅವುಗಳಿಗೆ ಕನ್ನಡದ ಪದಗಳನ್ನು ಹೊಂದಿಸಿ ಹಾಡುವ ರೂಢಿ ನಮ್ಮ ಕ್ರೈಸ್ತ ಸಭೆಗಳಲ್ಲಿ ಈಗಲೂ ಇದೆ. ನಿಘಂಟಿನ ಕಿಟ್ಟೆಲರು ಇನ್ನೊಂದು ಹಾದಿಯನ್ನು ಹಿಡಿದು, 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲೇ ಹೇಳಿದರು. ಇಂಗ್ಲಿಷ್ ಪದಗಳು ಬಿಡುವು ಕೊಡುವ ಜಾಗವೇ ಬೇರೆ, ಕನ್ನಡದ ಪದಗಳು ಬಿಡುವು ಕೊಡುವ ಜಾಗವೇ ಬೇರೆ. ಆದ್ದರಿಂದ ವಿದೇಶದಿಂದ ಅಚ್ಚಾಗಿ ಬಂದ ವಾದ್ಯದ ಹಾಳೆಯನ್ನು ನಮ್ಮ ಸಭೆಯಲ್ಲಿ ಹಾಗೆಯೇ ಇಟ್ಟುಕೊಂಡು ನುಡಿಸಬಾರದು. ಕನ್ನಡದ ಹಾಡನ್ನು ಮೊದಲು ಬಾಯಿಬಿಟ್ಟು ಹಾಡಿ, ಉಸಿರಿನ ಗುರುತುಗಳನ್ನು ಅಳಿಸಿ ಹೊಸದಾಗಿ ಹಾಕಿಕೊಳ್ಳಬೇಕು. ಅಜ್ಜನ ಕಾಲದ ಯೂಫೋನಿಯಂ ಒಂದು ನಿಮ್ಮ ಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದರೆ ಅದನ್ನು ಗುಜರಿಗೆ ಹಾಕುವ ಮುನ್ನ ಈ ಮಾತನ್ನು ನೆನೆಯಿರಿ.

ವಾದಕನ ಚಳಕ ತೋರಿಸುವ ರಚನೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ಅಮೆರಿಕದ ಸೂಸಾ ಬ್ಯಾಂಡಿನ ಆರ್ಥರ್ ಪ್ರಯರ್ ಟ್ರಾಂಬೋನಿನಲ್ಲಿ ಜಾನಪದ ರಾಗಗಳನ್ನು ಮಿಂಚಿನ ವೇಗದಲ್ಲಿ ಬಗೆಬಗೆಯಾಗಿ ತಿರುಗಿಸಿ ನುಡಿಸು‌ತ್ತಿದ್ದ, ಕೇಳಿದವರು ಬೆರಗಾದರು. ಕಚೇರಿಗೆ ಅದು ತಕ್ಕದ್ದೇ. ಆದರೆ ಸ್ತೋತ್ರಗೀತೆಯನ್ನು ಎತ್ತಿಕೊಂಡಾಗ ಆ ರಾಗ ವಾದಕನೊಬ್ಬನದೇ ಆಗಿರುವುದಿಲ್ಲ. ತೊಟ್ಟಿಲಿನಿಂದ ಸ್ಮಶಾನದವರೆಗೆ ಅದನ್ನು ಹಾಡಿಕೊಂಡು ಬಂದ ಜನರು ಅದರ ಒಡೆಯರು. ಕೈಗಡವಾಗಿ ತಂದ ಪಾತ್ರೆಯನ್ನು ಬೆಳಗಿ ಹಿಂದಿರುಗಿಸಬಹುದು. ಗುರುತು ಸಿಗದಂತೆ ಕರಗಿಸಿ ಹೊಸ ಪಾತ್ರೆ ಮಾಡಿ ಕೊಡುವಂತಿಲ್ಲ.

ಕೊನೆಯದಾಗಿ, ಆ ತಾಯಿಯ ಋಣವನ್ನು ತೀರಿಸಿದೆನೋ ಇಲ್ಲವೋ ಎಂದು ನೀವು ಕೇಳಬಹುದು. ಒಂದು ವರ್ಷವಾದಮೇಲೆ ಸ್ಮರಣೆಯ ದಿನ ಅದೇ ನಾಲ್ವರು ಮತ್ತೆ ಸೇರಿದರು. ನಾನು ಹಳೆಯ ಹಾಳೆಗಳನ್ನು ತೆಗೆದುಕೊಂಡು ಹೊಸದಾಗಿ ಬರೆದದ್ದು ಸ್ವಲ್ಪ, ಹೊಡೆದುಹಾಕಿದ್ದು ಬಹಳ. ಮೊದಲನೆಯ ಚರಣವನ್ನು ಯೂಫೋನಿಯಂ ಒಂದೇ ನುಡಿಸಿತು, ತೀರಿಕೊಂಡವರು ನುಡಿಸುತ್ತಿದ್ದ ವಾದ್ಯವೇ ಅದು. ಎರಡನೆಯದಕ್ಕೆ ಉಳಿದ ಮೂವರು ಮೂಲ ಶ್ರುತಿಯಲ್ಲಿ ಸರಳವಾದ ಮೇಳ ಹಿಡಿದರು. ಯಾರೂ ಸೂಚನೆ ಕೊಡಲಿಲ್ಲ. ಆದರೂ ಹಿಂದಿನ ಬೆಂಚುಗಳಿಂದ ಒಬ್ಬೊಬ್ಬರಾಗಿ ಹಾಡತೊಡಗಿದರು. ಮೂರನೆಯ ಚರಣದ ಹೊತ್ತಿಗೆ ವಾದ್ಯಗಳ ದನಿಯನ್ನು ತಗ್ಗಿಸಬೇಕಾಯಿತು, ಹಾಡುವವರಿಗೆ ದಾರಿ ಬಿಡುವುದಕ್ಕಾಗಿ. ಆ ತಾಯಿ ಹಾಡಲಿಲ್ಲ. ಕಣ್ಣು ಮುಚ್ಚಿ ಕುಳಿತಿದ್ದರು. ತುಟಿ ಮಾತ್ರ ಅಲುಗುತ್ತಿತ್ತು. ಹೊರಡುವಾಗ ನನ್ನ ಕಡೆ ತಿರುಗಿ, "ಈ ಸಲ ಅವರ ಹಾಡು ಊದಿದಿರಿ" ಎಂದರು.

ಹೊಡೆದುಹಾಕಿದ ಗೆರೆಗಳಿರುವ ಆ ಹಾಳೆಗಳನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಹೊಸ ಗೀತೆಯೊಂದನ್ನು ಹೊಂದಿಸಲು ಕುಳಿತಾಗಲೆಲ್ಲ ಮೊದಲು ಅವನ್ನು ತೆಗೆದು ನೋಡುತ್ತೇನೆ.